ಟನ್ ಬೀಡಿನ ಬೆಲೆ ಒಂದು ಗೋಣಿಚೀಲದಲ್ಲಿದೆ

ಮಾನ್ಯ ಸಂಪಾದಕರೇ,

ಹಳೆಯ ಮರಗೆಲಸದ ಯಂತ್ರಗಳಿಗೆ ಈಗ ಎರಡು ಬಗೆಯ ಗಿರಾಕಿಗಳಿದ್ದಾರೆ. ಗುಜರಿಯವನಿಗೆ ಅದು ಇಷ್ಟು ಕ್ವಿಂಟಲ್ ಬೀಡು (ಎರಕದ ಕಬ್ಬಿಣ). ಹೊಸದಾಗಿ ಮರಗೆಲಸದ ಗೀಳು ಹತ್ತಿದವರಿಗೆ ಅದು ಇಂಗ್ಲೆಂಡಿನ ಊರಿನ ಹೆಸರು ಉಬ್ಬಕ್ಷರದಲ್ಲಿ ಮೂಡಿದ ಚೆಂದದ ಎರಕ. ಇಬ್ಬರೂ ನೋಡುವುದು ಮೈಯನ್ನೇ, ಇಬ್ಬರೂ ತಪ್ಪುವುದು ಅಲ್ಲೇ. ಎಷ್ಟೋ ವರ್ಷ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದರೂ ಬೀಡಿನ ಮೈಗೆ ಹೆಚ್ಚೇನೂ ಆಗಿರುವುದಿಲ್ಲ. ಯಂತ್ರ ಮತ್ತೆ ಓಡುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಒಂದು ಗೋಣಿಚೀಲದಲ್ಲಿ ಹಿಡಿಸುವಷ್ಟು ಸಾಮಾನು: ಮರ ಒರಗಿಸಿ ನೇರ ತಳ್ಳುವ ಫೆನ್ಸ್, ಕೊಯ್ದ ಸೀಳು ಮುಚ್ಚದಂತೆ ಗರಗಸದ ಹಿಂದೆ ನಿಲ್ಲುವ ರೈವಿಂಗ್ ನೈಫ್, ಗರಗಸ ತಿರುಗಿಸುವ ಶಾಫ್ಟಾದ ಸ್ಪಿಂಡಲ್ಲಿನ ನಟ್ಟು ಮತ್ತು ಕಾಲರ್, ಬ್ಲೇಡು ಹಿಡಿದು ತಿರುಗುವ ಕಟರ್ ಬ್ಲಾಕಿನ ಬೆಣೆಗಳು, ಮೇಜಿನ ಬಾಯಿಗೆ ಕೂರುವ ಬಳೆ, ಕೋನ ಹಿಡಿಯುವ ಗೇಜ್. ಹರಾಜು ಹಾಕುವ ಕಚೇರಿಗಳು ಈ ಚೀಲವನ್ನು ಯಂತ್ರದಿಂದ ಬೇರೆ ಮಾಡುತ್ತವೆ, ಕೊಳ್ಳುವವರು ಅದನ್ನು ಕೇಳದೇ ಬಿಡುತ್ತಾರೆ. ಈ ಎರಡರ ಬಗ್ಗೆ ನಮ್ಮ ಪತ್ರ.

ಇಂಥ ಯಂತ್ರಗಳ ದೊಡ್ಡ ಮೂಲ ರೈಲ್ವೆ ವರ್ಕ್‌ಶಾಪುಗಳು. ಹುಬ್ಬಳ್ಳಿಯದು 1885ರದು, ಮೈಸೂರು ಅಶೋಕಪುರಂನದು 1924ರದು. ಬೋಗಿಯ ಮೈ ಮರದ್ದಾಗಿದ್ದ ಕಾಲದಲ್ಲಿ ಇಂಥ ವರ್ಕ್‌ಶಾಪಿಗೆ ಮರಗೆಲಸದ ವಿಭಾಗವೇ ದೊಡ್ಡದು. 1955ರಲ್ಲಿ ಪೆರಂಬೂರಿನ ಐಸಿಎಫ್ (ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಪೂರ್ತಿ ಉಕ್ಕಿನ ಬೋಗಿ ಮಾಡಲು ಶುರುಮಾಡಿದ ಮೇಲೆ ಆ ಕೆಲಸ ಇಳಿಯುತ್ತಾ ಬಂತು. ಎರಕಕ್ಕೆ ಬೇಕಾದ ಮರದ ಮಾದರಿ (ಪ್ಯಾಟರ್ನ್) ಮಾಡುವ ಫೌಂಡ್ರಿಗಳ ಪ್ಯಾಟರ್ನ್ ಶಾಪುಗಳು ಇನ್ನೊಂದು ಮೂಲ. ಅಲ್ಲಿನ ಯಂತ್ರಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ, ಏಕೆಂದರೆ ಪ್ಯಾಟರ್ನ್ ಮೇಸ್ತ್ರಿ ಕೂದಲೆಳೆಯ ಲೆಕ್ಕದಲ್ಲಿ ಕೆಲಸ ಮಾಡುವವನು, ಮೇಜಿನ ಮೇಲೆ ಸುತ್ತಿಗೆ ಇಡಲು ಬಿಡುವವನಲ್ಲ. ಮುಚ್ಚಿದ ಸಾಮಿಲ್ಲುಗಳ ಮಾಲು ಇದಕ್ಕೆ ತದ್ವಿರುದ್ಧ: ದಪ್ಪ, ಗಟ್ಟಿ, ಹಾಗೇ ನಜ್ಜುಗುಜ್ಜು.

ಹೆಸರುಗಳ ವಿಷಯ. ಹೆಚ್ಚಾಗಿ ಕಣ್ಣಿಗೆ ಬೀಳುವುದು ಲೆಸ್ಟರ್ ಊರಿನ ವಾಡ್ಕಿನ್ (1897ರಲ್ಲಿ ಶುರುವಾದದ್ದು), ರಾಚ್‌ಡೇಲಿನ ಥಾಮಸ್ ರಾಬಿನ್‌ಸನ್ (1838), ನ್ಯೂವಾರ್ಕಿನ ರಾನ್ಸಮ್, ಪೇಯ್ಸ್ಲಿಯ ವೈಟ್, ಹ್ಯಾಲಿಫ್ಯಾಕ್ಸಿನ ಸ್ಯಾಗರ್. ಗುಡಿಗಾರರ ನಮ್ಮ ಸಾಗರಕ್ಕೂ ಈ ಸ್ಯಾಗರಿಗೂ ನಂಟಿಲ್ಲ, ಹೆಸರು ನೋಡಿ ಮೋಸ ಹೋಗಬೇಡಿ. ಅಮೆರಿಕದ ಆಲಿವರ್, ಯೇಟ್ಸ್-ಅಮೆರಿಕನ್ ಅಪರೂಪ. ಇಂಗ್ಲಿಷ್ ಮಾದರಿಯನ್ನೇ ನೋಡಿ ಪಂಜಾಬಿನ ಬಟಾಲಾ, ಜಲಂಧರ್ ಕಡೆ ಎರೆದ ಯಂತ್ರಗಳೂ ಸಿಗುತ್ತವೆ. ಅವುಗಳಲ್ಲಿ ಒಳ್ಳೆಯವು ಇವೆ, ಆದರೆ ಎರಕ ತೆಳುವು, ಸ್ಲೈಡುಗಳ ಕೆತ್ತನೆ ಒರಟು. ಇಂಗ್ಲಿಷ್ ಯಂತ್ರದ ಬೆಲೆ ಕೊಟ್ಟು ತರುವಂಥವಲ್ಲ.

ವಾಡ್ಕಿನ್ ಯಂತ್ರಕ್ಕೆ ಅಕ್ಷರದ ಗುರುತು ಇರುತ್ತದೆ. ಪಿಕೆ ಎಂದರೆ 18 ಇಂಚಿನ ಡೈಮೆನ್ಷನ್ ಸಾ (ಕರಾರುವಾಕ್ಕಾದ ಅಳತೆಗೆ ಕೊಯ್ಯುವ ಗರಗಸ), ಎಜಿಎಸ್ ಎಂದರೆ ಗರಗಸವೇ ವಾಲುವ ಸಣ್ಣ ಸಾ ಬೆಂಚು, ಆರ್‌ಎಸ್ ಎಂದರೆ ಪ್ಯಾಟರ್ನ್ ಮಾಡುವ ಲೇತು, ಡಿಆರ್ ಎಂದರೆ 30 ಇಂಚಿನ ಬ್ಯಾಂಡ್ ಸಾ (ಗಾಲಿಗಳ ಮೇಲೆ ಓಡುವ ಪಟ್ಟಿ ಗರಗಸ). ಈ ಅಕ್ಷರ, ಅದರ ಮುಂದಿನ ಅಂಕಿ, ಟೆಸ್ಟ್ ನಂಬರ್ (ಯಂತ್ರದ ಕ್ರಮಸಂಖ್ಯೆ) ಇವು ಹಿತ್ತಾಳೆ ತಗಡಿನ ಮೇಲೆ ಇರುತ್ತವೆ. ಹಿತ್ತಾಳೆಗೆ ಕಾಸು ಸಿಗುವುದರಿಂದ ಎಲ್ಲಕ್ಕಿಂತ ಮೊದಲು ಮಾಯವಾಗುವುದೂ ಅದೇ. ತಗಡು ಇಲ್ಲದಿದ್ದರೆ ಮೇಜಿನ ಅಂಚನ್ನು ತಂತಿಬ್ರಷ್ಷಿನಿಂದ ಉಜ್ಜಿ ನೋಡಿ, ನಂಬರನ್ನು ಅಲ್ಲೂ ಗುದ್ದಿರುವುದುಂಟು. ನಂಬರು ಸಿಕ್ಕರೆ ಯಂತ್ರದ ಕೈಪಿಡಿ, ಬೇರಿಂಗಿನ ಪಟ್ಟಿ ಹುಡುಕುವ ಕೆಲಸ ಅರ್ಧ ಮುಗಿದಂತೆ.

ಯಂತ್ರ ನೋಡಲು ಹೋಗುವಾಗ ಒಯ್ಯಬೇಕಾದ್ದು ಹೆಚ್ಚೇನಿಲ್ಲ: ಕಾಲು ಲೀಟರ್ ಸೀಮೆಎಣ್ಣೆ, ಸೀಮೆಸುಣ್ಣ, ಒಣಬಟ್ಟೆ, ಮ್ಯಾಗ್ನೆಟ್ ಬೇಸ್ ಇರುವ ಡಯಲ್ ಗೇಜ್, ಒಂದು ಮೀಟರಿನ ನೇರ ಪಟ್ಟಿ, ಫೀಲರ್ ಗೇಜ್, ವರ್ನಿಯರ್, ಮೋಟಾರಿನ ಇನ್ಸುಲೇಷನ್ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್. ಹೊಸ ಬಣ್ಣ ಬಳಿದ ಯಂತ್ರವಾದರೆ ಅನುಮಾನ ದುಪ್ಪಟ್ಟು ಇರಲಿ. ಬಣ್ಣ ತುಕ್ಕನ್ನಷ್ಟೇ ಅಲ್ಲ, ಬಿರುಕನ್ನೂ ಮುಚ್ಚುತ್ತದೆ.

ಬಿರುಕು ಹುಡುಕುವ ವಿಧಾನ ಹಳೆಯದು, ಈಗಲೂ ಅದಕ್ಕಿಂತ ಅಗ್ಗದ್ದು ಇಲ್ಲ. ಅನುಮಾನದ ಜಾಗದ ಬಣ್ಣ ಕೆರೆದು ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಆಮೇಲೆ ಒಣಬಟ್ಟೆಯಲ್ಲಿ ಒಂದಿಷ್ಟೂ ಜಿಡ್ಡು ಉಳಿಯದಂತೆ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ನಿಧಾನವಾಗಿ ಮೇಲೆದ್ದು ಬಿಳಿಯ ಮೇಲೆ ಸಣ್ಣ ಕಪ್ಪು ಗೆರೆ ಎಳೆಯುತ್ತದೆ. ಮೇಜು ವಾಲಿಸುವ ಅರ್ಧಚಂದ್ರದ ಕಿವಿಗಳು, ಪಾದದ ಬೋಲ್ಟ್ ತೂತಿನ ಸುತ್ತ, ಮೇಜಿನ ತೋಡಿನ ಮೂಲೆ, ಬ್ಯಾಂಡ್ ಸಾ ಗಾಲಿಯ ಕಡ್ಡಿ ಬುಡ, ಈ ನಾಲ್ಕು ಕಡೆ ತಪ್ಪದೇ ನೋಡಬೇಕು. ಪಾದದ ಬಿರುಕು ದೊಡ್ಡ ವಿಷಯವಲ್ಲ, ಹಿತ್ತಾಳೆ ಬೆಸುಗೆ ಹಾಕಿಸಿ ನಡೆಸಬಹುದು. ಗಾಲಿಯ ಬಿರುಕಿಗೆ ಮದ್ದಿಲ್ಲ. ತಿರುಗುವ ಬೀಡಿಗೆ ಬೆಸುಗೆ ಹಾಕಿ ಅದರ ಮುಂದೆ ನಿಲ್ಲುವುದು ಬುದ್ಧಿವಂತಿಕೆಯಲ್ಲ.

ಮುಂದೆ ಸ್ಪಿಂಡಲ್. ಬೆಲ್ಟ್ ಕಳಚಿ ಕೈಯಲ್ಲಿ ತಿರುಗಿಸಿ. ಗರಗಸ ಒರಗುವ ಫ್ಲ್ಯಾಂಜಿನ ಮುಖಕ್ಕೆ ಡಯಲ್ ಹಿಡಿದರೆ ಒಂದು ಸುತ್ತಿನಲ್ಲಿ ಮುಳ್ಳು 0.03 ಮಿ.ಮೀ.ಗಿಂತ ಹೆಚ್ಚು ಆಡಬಾರದು. ಇಷ್ಟು ಸಣ್ಣದಕ್ಕೆ ಏಕೆ ತಕರಾರು ಎನ್ನಬಹುದು. ಫ್ಲ್ಯಾಂಜಿನ ಅಡ್ಡಳತೆ 100 ಮಿ.ಮೀ., ಗರಗಸದ್ದು 450 ಎಂದಿಟ್ಟುಕೊಳ್ಳಿ, ಫ್ಲ್ಯಾಂಜಿನ 0.03 ಹಲ್ಲಿನ ತುದಿಗೆ ಬರುವಷ್ಟರಲ್ಲಿ 0.13 ದಾಟುತ್ತದೆ. ಕೊಯ್ದ ಮುಖದಲ್ಲಿ ಕಾಣುವ ಗೀರುಗಳಿಗೆ ಕಾರಣ ಇದು, ಗರಗಸವಲ್ಲ. ಹಾಗೆಯೇ ಮರದ ಸನ್ನೆಯಿಂದ ಸ್ಪಿಂಡಲನ್ನು ಮೇಲಕ್ಕೆತ್ತಿ ಬಿಡಿ. ಬಾಲ್ ಬೇರಿಂಗಿನಲ್ಲಿ 0.05ಕ್ಕಿಂತ ಹೆಚ್ಚು ಆಟ ಕಂಡರೆ ಬೇರಿಂಗ್ ಹೋಗಿದೆ ಎಂದೇ ಲೆಕ್ಕ. ಅದೇನೂ ಭಯಪಡುವ ವಿಷಯವಲ್ಲ. ಸ್ಪಿಂಡಲ್ಲಿನ ಬೇರಿಂಗ್ ಕೂರುವ ಜಾಗವೇ ಸವೆದಿದ್ದರೆ ಮಾತ್ರ ಖರ್ಚು ಏರುತ್ತದೆ.

ಹಳೆಯ ಇಂಗ್ಲಿಷ್ ಯಂತ್ರದ ಬೇರಿಂಗ್ ಇಂಚಿನ ಅಳತೆಯದು. ಉದಾಹರಣೆಗೆ ಒಳಗೆ 1¼, ಹೊರಗೆ 2¾, ಅಗಲ 11/16 ಇಂಚಿನದು. ಇದು ಆರ್‌ಎಲ್‌ಎಸ್ 10 ಎಂಬ ನಂಬರಿನಲ್ಲಿ ಇಂದೂ ಸಿಗುತ್ತದೆ, ಬೆಲೆ ಮೆಟ್ರಿಕ್ ಬೇರಿಂಗಿಗಿಂತ ಜಾಸ್ತಿ. ಆ ಬೆಲೆಗೆ ಹೆದರಿ 1¼ ಇಂಚಿನ, ಅಂದರೆ 31.75 ಮಿ.ಮೀ. ಶಾಫ್ಟನ್ನು 30ಕ್ಕೆ ತಿರುವಿಸಿ ಮೆಟ್ರಿಕ್ ಬೇರಿಂಗ್ ಹಾಕಿಸುವವರಿದ್ದಾರೆ. ಒಮ್ಮೆ ತಿರುವಿದ ಶಾಫ್ಟ್ ಹಿಂದಕ್ಕೆ ಬರುವುದಿಲ್ಲ, ಕಾಲರ್ರುಗಳೂ ಹೊಂದುವುದಿಲ್ಲ. ನೋಡಲು ಹೋದಾಗ ವರ್ನಿಯರ್ ಹಿಡಿದು ಶಾಫ್ಟ್ ಅಳೆಯುವುದು ಇದಕ್ಕೇ.

ನಟ್ಟು ಬೋಲ್ಟುಗಳದೂ ಇದೇ ಕಥೆ. ಅವು ವಿಟ್‌ವರ್ತ್ ಹಲ್ಲಿನವು (ಹಳೆಯ ಬ್ರಿಟಿಷ್ ಅಳತೆ), ಹಲ್ಲಿನ ಕೋನ 55 ಡಿಗ್ರಿ. ಅರ್ಧ ಇಂಚಿನ ವಿಟ್‌ವರ್ತ್‌ಗೆ ಇಂಚಿಗೆ 12 ಹಲ್ಲು, ಅಮೆರಿಕದ ಅರ್ಧ ಇಂಚಿಗೆ 13. ಅರ್ಧ ಇಂಚಿನ ತೂತಿಗೆ ಎಂ12 (12 ಮಿ.ಮೀ. ಮೆಟ್ರಿಕ್) ಬೋಲ್ಟ್ ತುರುಕಿದರೆ ಎರಡು ಸುತ್ತು ಹೋಗಿ ಬಿಗಿಯಾದಂತೆ ತೋರುತ್ತದೆ. ಅದು ಹಿಡಿತವಲ್ಲ, ಹಲ್ಲು ಮುರಿಯುವ ಮುಂಚಿನ ಸದ್ದು. ಇನ್ನು ಗರಗಸದ ನಟ್ಟು ಎಷ್ಟೋ ಯಂತ್ರಗಳಲ್ಲಿ ಎಡಹಲ್ಲಿನದು. ಅದನ್ನು ಬಲಹಲ್ಲು ಎಂದುಕೊಂಡು ಪೈಪು ಸಿಕ್ಕಿಸಿ ಜಗ್ಗಿದರೆ ಸ್ಪಿಂಡಲ್ಲೇ ತಿರುಚಿಕೊಳ್ಳುತ್ತದೆ. ಹಲ್ಲು ಯಾವ ಕಡೆಗೆ ಇಳಿಜಾರಾಗಿದೆ ಎಂದು ಟಾರ್ಚ್ ಹಿಡಿದು ನೋಡಲು ಅರ್ಧ ನಿಮಿಷ ಸಾಕು.

ಒಂದೇ ಉದ್ದ ಶಾಫ್ಟಿನಿಂದ ಬೆಲ್ಟ್ ಹಾಕಿ ಎಲ್ಲ ಯಂತ್ರ ಓಡಿಸುತ್ತಿದ್ದ ಲೈನ್ ಶಾಫ್ಟ್ ಕಾಲದ ಯಂತ್ರಗಳಲ್ಲಿ ಬಾಲ್ ಬೇರಿಂಗೇ ಇರುವುದಿಲ್ಲ, ಬ್ಯಾಬಿಟ್ ಎಂಬ ಬಿಳಿಲೋಹದ ಬೇರಿಂಗ್. ಇದನ್ನು ಕಂಡು ಯಂತ್ರವೇ ಬೇಡ ಎನ್ನುವವರು ಒಂದು ಕಡೆ, ಅದನ್ನು ಕಿತ್ತು ಬಾಲ್ ಬೇರಿಂಗ್ ಕೂರಿಸುವವರು ಇನ್ನೊಂದು ಕಡೆ. ಎರಡೂ ಅವಸರ. ಬ್ಯಾಬಿಟ್ ಸವೆದಿದ್ದರೆ ಮೊದಲು ಬೇರಿಂಗಿನ ಮುಚ್ಚಳದ, ಅಂದರೆ ಟೋಪಿಯ ಕೆಳಗಿನ ತೆಳು ಪಟ್ಟಿಗಳನ್ನು ಒಂದೊಂದಾಗಿ ತೆಗೆದು ನೋಡಬೇಕು, ಎಷ್ಟೋ ಸಲ ಅಷ್ಟಕ್ಕೇ ಆಟ ಹೋಗುತ್ತದೆ. ಶಾಫ್ಟಿನ ಪ್ರತಿ ಇಂಚಿಗೆ ಒಂದು ಥೌ (ಇಂಚಿನ ಸಾವಿರದ ಒಂದು ಪಾಲು) ಸಡಿಲ ಇರಬೇಕು, ಅಂದರೆ 40 ಮಿ.ಮೀ. ಶಾಫ್ಟಿಗೆ 0.04. ಮತ್ತೆ ಎರೆಯಲೇಬೇಕಾದರೆ ವೇಗದ ಶಾಫ್ಟಿಗೆ ತವರ ಹೆಚ್ಚಿರುವ ಲೋಹ ಬೇಕು: ತವರ 89, ಆಂಟಿಮನಿ 7.5, ತಾಮ್ರ 3.5 ಪಾಲು. ಸೀಸ ತುಂಬಿದ ಅಗ್ಗದ ಕಡ್ಡಿ ನಿಧಾನದ ಕೆಲಸಕ್ಕೆ ಮಾತ್ರ.

ಎರೆಯುವುದರಲ್ಲಿ ಕೈಕೊಡುವುದು ಲೋಹವಲ್ಲ, ತಯಾರಿ. ಶಾಫ್ಟಿಗೆ ದೀಪದ ಮಸಿ ಹಿಡಿಸಬೇಕು, ಇಲ್ಲದಿದ್ದರೆ ಲೋಹ ಅದಕ್ಕೇ ಅಂಟುತ್ತದೆ. ಶಾಫ್ಟನ್ನೂ ಗೂಡನ್ನೂ ನೀರ ಹನಿ ಬಿದ್ದರೆ ಚುಯ್ ಎನ್ನುವಷ್ಟು ಕಾಯಿಸಬೇಕು. ತಣ್ಣಗಿನ ಗೂಡಿಗೆ ಎರೆದರೆ ಲೋಹ ಪದರ ಪದರವಾಗಿ ಹೆಪ್ಪುಗಟ್ಟಿ ಎರಡೇ ತಿಂಗಳಲ್ಲಿ ಚಕ್ಕೆ ಏಳುತ್ತದೆ. ಲೋಹ ಸುಮಾರು 425 ಡಿಗ್ರಿಗೆ ಬಂದಾಗ ಒಂದೇ ಸಲಕ್ಕೆ, ಕೈ ತಡೆಯದೇ ಸುರಿಯಬೇಕು. ಅಂಚಿಗೆ ಕಟ್ಟುವ ಜೇಡಿಮಣ್ಣು ಒಣಗಿರಲೇಬೇಕು. ಒದ್ದೆ ಮಣ್ಣಿಗೆ ಕಾದ ಲೋಹ ತಾಗಿದರೆ ನೀರು ಆವಿಯಾಗಿ ಲೋಹ ಮುಖಕ್ಕೇ ಸಿಡಿಯುತ್ತದೆ. ಆಮೇಲೆ ಕೊಡಬೇಕಾದ್ದು 68 ನಂಬರಿನ ಮಷಿನ್ ಆಯಿಲ್. ಗ್ರೀಸ್ ಅಲ್ಲ, ಗಿರಣಿಯ ಹೊಟ್ಟಿನೊಡನೆ ಸೇರಿ ಅದು ಉಜ್ಜುಪುಡಿಯಾಗುತ್ತದೆ.

ಇಷ್ಟೆಲ್ಲ ದುಡ್ಡಿನ ಮಾತು. ಕೈಬೆರಳಿನ ಮಾತು ಬರುವುದು ಪ್ಲೇನರ್, ನಮ್ಮ ಬಡಗಿಗಳ ಬಾಯಲ್ಲಿ ತೋಪಡ ಮಿಷನ್, ನೋಡುವಾಗ. ಮೇಜಿನ ಬಾಯಿಯೊಳಗೆ ಇಣುಕಿ ನೋಡಿ. ಕಟರ್ ಬ್ಲಾಕ್ ದುಂಡಗಿದ್ದರೆ ಸರಿ. ಚೌಕವಾಗಿದ್ದರೆ ಆ ಬ್ಲಾಕನ್ನು ಒಂದು ದಿನವೂ ಓಡಿಸಬಾರದು. ಕಾರಣ ಲೆಕ್ಕದಲ್ಲೇ ಇದೆ. 100 ಮಿ.ಮೀ. ಚೌಕದ ಬ್ಲಾಕಿನಲ್ಲಿ ನಡುವಿನಿಂದ ಚಪ್ಪಟೆ ಮುಖಕ್ಕೆ 50 ಮಿ.ಮೀ., ಮೂಲೆಗೆ 71. ಅಂದರೆ ಪ್ರತಿ ಸುತ್ತಿನಲ್ಲಿ ನಾಲ್ಕು ಸಲ ಬೆರಳು ಇಳಿಯುವಷ್ಟು, 20 ಮಿ.ಮೀ. ಆಳದ ಬಾಯಿ ತೆರೆದು ಮುಚ್ಚುತ್ತದೆ. ಜಾರಿದ ಕೈ ಅದರೊಳಗೆ ಇಳಿದರೆ ಗಾಯವಲ್ಲ, ಬೆರಳೇ ಇಲ್ಲ. ದುಂಡು ಬ್ಲಾಕಿನಲ್ಲಿ ಬ್ಲೇಡ್ ಹೊರಚಾಚುವುದು ಒಂದು, ಒಂದೂವರೆ ಮಿ.ಮೀ. ಮಾತ್ರ. ಅದೂ ಕೊಯ್ಯುತ್ತದೆ, ಆದರೆ ಒಳಗೆ ಎಳೆದುಕೊಳ್ಳುವುದಿಲ್ಲ. ಬ್ರಿಟನ್ 1922ರ ಮರಗೆಲಸ ಯಂತ್ರಗಳ ನಿಯಮದಲ್ಲೇ ಕೈಯಿಂದ ಮರ ತಳ್ಳುವ ಪ್ಲೇನರಿಗೆ ದುಂಡು ಬ್ಲಾಕ್ ಕಡ್ಡಾಯ ಮಾಡಿತು. ತಿರುಗುವ ಭಾಗಗಳಿಗೆ ಮರೆ ಇರಲೇಬೇಕೆಂದು ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಹೇಳಿತು. ನೂರು ವರ್ಷದ ಹಿಂದೆಯೇ ಅಲ್ಲಿ ಕಿತ್ತೆಸೆದದ್ದನ್ನು ಇಲ್ಲಿ 'ಒರಿಜಿನಲ್' ಎಂದು ಹೊಗಳಿ ಮಾರುವುದನ್ನು ನೋಡಿದರೆ ಸಿಟ್ಟು ಬರುತ್ತದೆ.

ದುಂಡು ಬ್ಲಾಕಿದ್ದರೂ ಬೆಣೆ ಮತ್ತು ಬೋಲ್ಟ್ ಪರೀಕ್ಷೆ ಆಗಲೇಬೇಕು. 300 ಮಿ.ಮೀ. ಉದ್ದ, 30 ಅಗಲ, 3 ದಪ್ಪದ ಬ್ಲೇಡಿನ ತೂಕ ಸುಮಾರು 210 ಗ್ರಾಂ. 100 ಮಿ.ಮೀ. ಬ್ಲಾಕಿನಲ್ಲಿ ಅದು ನಿಮಿಷಕ್ಕೆ 4,500 ಸುತ್ತು ತಿರುಗುವಾಗ ಹೊರಕ್ಕೆ ಎಳೆಯುವ ಬಲ ಸುಮಾರು 200 ಕೆ.ಜಿ. ತೂಕದಷ್ಟು. ಇದನ್ನು ಹಿಡಿದಿಡುವುದು ಆ ಬೆಣೆ, ಆ ನಾಲ್ಕೈದು ಬೋಲ್ಟ್. ವರ್ಷಗಟ್ಟಲೆ ಬಿಗಿದು ಬಿಗಿದು ಬೋಲ್ಟಿನ ಕುತ್ತಿಗೆ ಸಣ್ಣದಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಹೊಸದರ ಪಕ್ಕ ಇಟ್ಟು ಉದ್ದ ಹೋಲಿಸಿದರೆ ಇನ್ನೂ ಸ್ಪಷ್ಟ. ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟ್ ಇಲ್ಲಿ ನಡೆಯುವುದಿಲ್ಲ, ತಲೆಯ ಮೇಲೆ 8.8 ಅಥವಾ ಮೇಲಿನ ದರ್ಜೆ ಗುದ್ದಿದ್ದೇ ಆಗಬೇಕು, ಹಲ್ಲು ಮೂಲದ್ದಕ್ಕೆ ಹೊಂದಬೇಕು. ಬೆಣೆಗಳಿಗೂ ಅವು ಕೂರುವ ತೋಡಿಗೂ ನಂಬರು ಇರುತ್ತದೆ, ಅದಲು ಬದಲು ಮಾಡಬಾರದು. ಎದುರುಬದುರಿನ ಬ್ಲೇಡು, ಬೆಣೆಗಳ ತೂಕ ಒಂದು ಗ್ರಾಮಿನೊಳಗೆ ಸಮ ಇರಬೇಕು. ಚಿನ್ನದ ಅಂಗಡಿಯವರ ತಕ್ಕಡಿ ಇದಕ್ಕೆ ಒಳ್ಳೆಯದು. ಹೊಸ ಬ್ಲಾಕ್ ಮಾಡಿಸುವುದಾದರೆ ಫೋರ್ಜ್ ಮಾಡಿದ ಉಕ್ಕಿನಲ್ಲಿ ಮಾಡಿಸಿ, ತಿರುಗಿಸಿ ಬ್ಯಾಲೆನ್ಸ್ ಮಾಡಿಸಬೇಕು. ಈ ಖರ್ಚನ್ನು ಯಂತ್ರದ ಬೆಲೆಯಿಂದ ಮೊದಲೇ ಕಳೆದು ಚೌಕಾಸಿ ಮಾಡಿ.

ಪ್ಲೇನರಿನ ಮೇಜು ನೋಡುವಾಗ ನೇರ ಪಟ್ಟಿಯನ್ನು ಉದ್ದಕ್ಕೆ ಒಮ್ಮೆ, ಮೂಲೆಯಿಂದ ಮೂಲೆಗೆ ಎರಡು ಸಲ ಇಡಿ. ಒಂದು ಮೀಟರಿಗೆ 0.1 ಮಿ.ಮೀ. ಸಂದು ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಔಟ್‌ಫೀಡ್ ಮೇಜು (ಮರ ಹೊರಬರುವ ಕಡೆಯದು) ತುದಿಯಲ್ಲಿ ಜೋತಿದ್ದರೆ ಸ್ಲೈಡ್ ಸವೆದಿದೆ ಎಂದರ್ಥ, ಅದನ್ನು ಹಿತ್ತಾಳೆ ಪಟ್ಟಿ ಕೊಟ್ಟು ಎತ್ತಬಹುದು. ಮೂಲೆಯಿಂದ ಮೂಲೆಗೆ ತಿರುಚಿದ್ದರೆ ಮಾತ್ರ ಗ್ರೈಂಡಿಂಗಿಗೇ ಹೋಗಬೇಕು. ಆದರೆ ತಿರುಚಿದೆ ಎಂದು ತೀರ್ಪು ಕೊಡುವ ಮುಂಚೆ ಯಂತ್ರದ ಪಾದಗಳ ಕೆಳಗೆ ರಸಮಟ್ಟ ನೋಡಿ. ನೆಲ ಓರೆಯಾಗಿದ್ದಾಗ ಮೂರು ಪಾದದ ಮೇಲೆ ನಿಂತ ಬೀಡು ತಾನೇ ತಿರುಚಿಕೊಳ್ಳುತ್ತದೆ. ನಾಲ್ಕನೆಯ ಪಾದಕ್ಕೆ ಪ್ಯಾಕಿಂಗ್ ಕೊಟ್ಟ ಕೂಡಲೇ ಸರಿಹೋಗುವ 'ಕೆಟ್ಟ' ಮೇಜುಗಳಿವೆ.

ಗರಗಸದ ಬೆಂಚಿನಲ್ಲಿ ವೇಗದ ಲೆಕ್ಕ ಗೊತ್ತಿರಬೇಕು. ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 50 ಮೀಟರ್ ಓಡಬೇಕು. 450 ಮಿ.ಮೀ. ಗರಗಸ ನಿಮಿಷಕ್ಕೆ 2,000 ಸುತ್ತಿಗೆ 47 ಮೀಟರ್ ಬರುತ್ತದೆ, ಹದ. ಅದೇ ಗರಗಸವನ್ನು 3,000 ಸುತ್ತಿನ ಸ್ಪಿಂಡಲ್ಲಿಗೆ ಹಾಕಿದರೆ 70 ದಾಟುತ್ತದೆ, ತಗಡು ಅಲೆಯಾಗಿ ಆಡುತ್ತದೆ. 1,500ರ ಸ್ಪಿಂಡಲ್ಲಿಗೆ ಅಂಗಡಿಯಲ್ಲಿ ಸಿಕ್ಕ 250 ಮಿ.ಮೀ. ಗರಗಸ ಹಾಕಿದರೆ 20 ಮೀಟರೂ ಬಾರದು, ಮರ ಸುಡುತ್ತದೆ. ಹಿಂದಿನ ರೈವಿಂಗ್ ನೈಫ್ ಹಲ್ಲಿನಿಂದ 12 ಮಿ.ಮೀ.ಗಿಂತ ದೂರ ಇರಬಾರದು. ದಪ್ಪ ಗರಗಸದ ತಗಡಿಗಿಂತ ಹೆಚ್ಚು, ಕೊಯ್ತದ ಅಗಲಕ್ಕಿಂತ ಕಡಿಮೆ. ಇದು ಇಲ್ಲದ ಬೆಂಚು ಹಲಗೆಯನ್ನು ಎದೆಗೆ ಎಸೆಯುತ್ತದೆ. ಗೋಣಿಚೀಲದ ಸಾಮಾನುಗಳಲ್ಲಿ ಮೊದಲು ಕಳೆದುಹೋಗುವುದೂ ಇದೇ, ಅದೃಷ್ಟಕ್ಕೆ ಮಾಡಿಸಿಕೊಳ್ಳಲು ಸುಲಭವಾದದ್ದೂ ಇದೇ.

ಫೆನ್ಸ್ ಹಾಗಲ್ಲ. ಕಬ್ಬಿಣದ ಆಂಗಲ್ ಕಡಿದು ಬಿಗಿದ ಫೆನ್ಸಿನಿಂದ ಡೈಮೆನ್ಷನ್ ಸಾ ಸಾಮಾನ್ಯ ಸಾ ಆಗಿಬಿಡುತ್ತದೆ. ಮೂಲ ಫೆನ್ಸ್ ಇಲ್ಲದಿದ್ದರೆ ಅದೇ ಮಾದರಿಯ ಇನ್ನೊಂದು ಯಂತ್ರದ್ದನ್ನು ಅಳೆದು ಮರದ ಪ್ಯಾಟರ್ನ್ ಮಾಡಿಸಿ ಎರೆಸುವುದೇ ದಾರಿ. ಬೀಡು ಆರುವಾಗ ಶೇ 1ರಷ್ಟು ಕುಗ್ಗುತ್ತದೆ, ಆದ್ದರಿಂದ 600 ಮಿ.ಮೀ. ಫೆನ್ಸಿಗೆ ಪ್ಯಾಟರ್ನ್ 606 ಇರಬೇಕು, ಕೆತ್ತುವ ಮುಖಕ್ಕೆ ಮೇಲೆ ಇನ್ನೊಂದು 3 ಮಿ.ಮೀ. ಸಿಕ್ಕ ಫೆನ್ಸನ್ನೇ ಪ್ಯಾಟರ್ನ್ ಮಾಡಿ ಮರಳಿನಲ್ಲಿ ಒತ್ತಿದರೆ ಬರುವುದು ಒಂದು ಸುತ್ತು ಚಿಕ್ಕದು, ಬೋಲ್ಟ್ ತೂತುಗಳು ಕೂಡುವುದಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಒಂದೇ ತುಂಡಿಗೆ ಅವರು ಮುಖ ತಿರುಗಿಸುತ್ತಾರೆ, ನಾಲ್ಕೈದು ಜನ ಸೇರಿ ಹೋದರೆ ಮಾಡಿಕೊಡುತ್ತಾರೆ. ಎರಕ ಬಂದ ಕೂಡಲೇ ಕೆತ್ತಿಸಬೇಡಿ. ಒಳಗಿನ ಬಿಗುವು ಇಳಿಯಲು ಕೆಲ ತಿಂಗಳು ಬಿಟ್ಟು, ಒರಟಾಗಿ ಕೆತ್ತಿಸಿ, ಮತ್ತೆ ಬಿಟ್ಟು, ಆಮೇಲೆ ನಯ ಮಾಡಿಸಿ.

ಬ್ಯಾಂಡ್ ಸಾ ಬಗ್ಗೆ ಚುಟುಕಾಗಿ. ಗಾಲಿಯ ಕಡ್ಡಿಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ: ಗಂಟೆಯ ಹಾಗೆ ಠಣ್ ಎನ್ನಬೇಕು, ಒಡೆದ ಮಡಕೆಯ ಸದ್ದು ಬಂದರೆ ಬಿಟ್ಟು ಬನ್ನಿ. ಪಟ್ಟಿಯ ದಪ್ಪ ಗಾಲಿಯ ಅಡ್ಡಳತೆಯ ಸಾವಿರದ ಒಂದು ಪಾಲು ಮೀರಬಾರದು. 900ರ ಗಾಲಿಗೆ 0.9 ಮಿ.ಮೀ. ಮೀರಿದರೆ ಗಾಲಿಯ ಮೇಲೆ ಬಾಗಿ ಬಾಗಿ ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತದೆ, ಆಗ ತಪ್ಪು ಪಟ್ಟಿಯ ಬೆಸುಗೆಯವನ ತಲೆಗೆ ಬರುತ್ತದೆ. ಪಟ್ಟಿಯ ಉದ್ದಕ್ಕೆ ಗಾಲಿಗಳ ನಡುವಿನ ದೂರದ ಎರಡರಷ್ಟು, ಜೊತೆಗೆ ಅಡ್ಡಳತೆಯ 3.1416ರಷ್ಟು. ನಡುದೂರ 1,350, ಗಾಲಿ 900 ಆದರೆ 5,527 ಮಿ.ಮೀ.

ಮೋಟಾರ್ ವಿಷಯದಲ್ಲಿ ಇಂಗ್ಲಿಷ್ ಯಂತ್ರಕ್ಕೆ ತೊಂದರೆ ಕಡಿಮೆ, ಅವರದೂ ನಮ್ಮದೂ 50 ಸೈಕಲ್ ಕರೆಂಟು. ಅಮೆರಿಕದ ಯಂತ್ರ 60 ಸೈಕಲ್ಲಿನದು. ಅದನ್ನು ಇಲ್ಲಿ ನೇರ ಜೋಡಿಸಿದರೆ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ, 3,450 ಸುತ್ತಿನದು 2,880 ಆಸುಪಾಸಿಗೆ ಬರುತ್ತದೆ. 460 ವೋಲ್ಟಿನದಕ್ಕೆ 50 ಸೈಕಲ್ಲಿನಲ್ಲಿ ಸಲ್ಲುವುದು 383 ವೋಲ್ಟ್, ನಮ್ಮ 415ಕ್ಕೆ ಅದು ಬಿಸಿಯಾಗುತ್ತದೆ. ಕರೆಂಟಿನ ಸೈಕಲ್ ಬದಲಿಸುವ ಡ್ರೈವ್ ಹಾಕಿ 60 ಸೈಕಲ್ ಕೊಡುವುದು ಸರಿಯಾದ ದಾರಿ. ಆದರೆ ಹತ್ತಿ, ಕಾಗದ ಸುತ್ತಿದ ಹಳೆಯ ವೈಂಡಿಂಗ್ ಡ್ರೈವಿನ ವೋಲ್ಟೇಜ್ ಏಟುಗಳನ್ನು ತಾಳುವುದಿಲ್ಲ. ಅಂಥದ್ದನ್ನು ಮೊದಲೇ ರೀವೈಂಡ್ ಮಾಡಿಸಬೇಕು.

ಮನೆಯ ಸಿಂಗಲ್ ಫೇಸಿನಲ್ಲಿ ಓಡಿಸುವ ಆಸೆಯವರಿಗೆ ಒಂದು ಮಾತು. 230 ವೋಲ್ಟಿನ ಸಾಮಾನ್ಯ ಡ್ರೈವ್ ಹೊರಗೆ ಕೊಡುವುದು 230 ವೋಲ್ಟಿನ ತ್ರೀಫೇಸ್ ಮಾತ್ರ. ಸ್ಟಾರ್, ಡೆಲ್ಟಾ ಎಂಬುವು ಮೋಟಾರಿನ ಮೂರು ಸುರುಳಿಗಳನ್ನು ಜೋಡಿಸುವ ಎರಡು ಬಗೆ; 400 ವೋಲ್ಟಿಗೆ ಸ್ಟಾರ್ ಜೋಡಿಸಿದ ಮೋಟಾರನ್ನು ಡೆಲ್ಟಾ ಮಾಡಿದರೆ ಅದಕ್ಕೆ ಹೊಂದುತ್ತದೆ. ಹಳೆಯವುಗಳಲ್ಲಿ ಹೊರಗೆ ಮೂರೇ ತಂತಿ, ಸ್ಟಾರಿನ ಗಂಟು ವೈಂಡಿಂಗಿನ ಒಳಗೇ ಹುದುಗಿರುತ್ತದೆ. ಅನುಭವಿ ವೈಂಡರ್ ಅದನ್ನು ಬಿಡಿಸಿ ಆರು ತಂತಿ ಹೊರತರಬಲ್ಲ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದ ಮೋಟಾರ್ ಮೊದಲೇ ಡೆಲ್ಟಾದಲ್ಲಿ ಓಡುವಂಥದ್ದು, ಅದಕ್ಕೆ ಈ ಉಪಾಯ ನಡೆಯದು. ಇನ್ನು ವಾಡ್ಕಿನ್ ಪಿಕೆಯಂಥ ಯಂತ್ರದಲ್ಲಿ ಮೋಟಾರಿನ ರೋಟರ್ ಸ್ಪಿಂಡಲ್ಲಿನ ಮೇಲೇ ಕೂತಿರುತ್ತದೆ, ಸುಟ್ಟರೆ ಬೇರೆ ಮೋಟಾರ್ ತಂದು ಸಿಕ್ಕಿಸಲು ಆಗದು. ಅಲ್ಲಿ ಮೆಗ್ಗರ್ ಹಿಡಿಯದೇ ದುಡ್ಡು ಕೊಡಬೇಡಿ. ಒಂದು ಮೆಗೋಮಿಗಿಂತ ಕಡಿಮೆ ಬಂದ ಮಾತ್ರಕ್ಕೆ ಸುಟ್ಟಿದೆ ಎಂದಲ್ಲ, ತೇವವಿರಬಹುದು. 100 ವ್ಯಾಟಿನ ಬಲ್ಬು ಒಳಗೆ ಉರಿಸಿ ಒಂದೆರಡು ದಿನ ಒಣಗಿಸಿ ಮತ್ತೆ ಅಳೆಯಿರಿ. ಸೊನ್ನೆಯಲ್ಲೇ ನಿಂತರೆ ರೀವೈಂಡಿಂಗಿನ ಲೆಕ್ಕ ಹಾಕಿಕೊಳ್ಳಿ.

ಎತ್ತುವಾಗ ಆಗುವ ನಷ್ಟ ಇಡೀ ಆಯಸ್ಸಿನ ಸವೆತಕ್ಕಿಂತ ಹೆಚ್ಚು. ಹೈಡ್ರಾ ಕ್ರೇನಿನವನು ಮೇಜಿಗೇ ಬೆಲ್ಟ್ ಸುತ್ತುತ್ತಾನೆ, ಅವನಿಗೆ ಅದೇ ಹಿಡಿಕೆ. ಮೇಜಿನ ಕೆಳಗಿನ ಕಿವಿ ಮುರಿಯುವುದು ಆಗಲೇ. ಬೆಲ್ಟ್ ಹಾಯಬೇಕಾದ್ದು ಪೀಠದ ಕೆಳಗೆ, ಸ್ಪಿಂಡಲ್ಲಿಗೂ ಕೈಗಾಲಿಗೂ ತಾಗದಂತೆ ಮರದ ತುಂಡು ಕೊಟ್ಟು. ಎಲ್ಲಕ್ಕಿಂತ ಒಳ್ಳೆಯದು ಮೇಜು, ಫೆನ್ಸ್ ಮೊದಲೇ ಬಿಚ್ಚಿ ಬೇರೆ ಕಟ್ಟುವುದು. ಬಿಚ್ಚುವ ಮುಂಚೆ ಕೆಳಗಿರುವ ತೆಳು ಪಟ್ಟಿಗಳು ಎಲ್ಲಿದ್ದವು ಎಂದು ಫೋಟೊ ತೆಗೆಯಿರಿ. ಬ್ಯಾಂಡ್ ಸಾ ತಲೆಭಾರದ್ದು, ಅದನ್ನು ಹಳೆ ಟೈರುಗಳ ಮೇಲೆ ಮಲಗಿಸಿಯೇ ಸಾಗಿಸಬೇಕು. ಟನ್ ತೂಗುವ ಯಂತ್ರಕ್ಕೆ ಟಾಟಾ ಏಸ್ ಕರೆಯುವ ಉಳಿತಾಯ ಬೇಡ. ಮನೆ ತಲುಪಿದ ಮೇಲೆ ಹಳೆ ಬಣ್ಣವನ್ನು ಒಣ ಉಜ್ಜಬೇಡಿ, ಅದರಲ್ಲಿ ಸೀಸ ಇರುತ್ತದೆ. ಒದ್ದೆ ಮಾಡಿ ಕೆರೆಯಿರಿ, ಕೆರೆದದ್ದನ್ನು ಮಕ್ಕಳು ಆಡುವ ಮಣ್ಣಿಗೆ ಚೆಲ್ಲಬೇಡಿ.

ದಿಮ್ಮಿ ಸೀಳುವ ಬ್ಯಾಂಡ್ ಮಿಲ್ ಕೊಳ್ಳುವವರು ದುಡ್ಡು ಕೊಡುವ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಬರಬೇಕು. ಸಾಮಿಲ್ಲಿಗೆ ಲೈಸೆನ್ಸ್ ಬೇಕು, 2002ರ ಸುಪ್ರೀಂ ಕೋರ್ಟ್ ಆದೇಶದ ನಂತರ ಹೊಸ ಲೈಸೆನ್ಸ್ ಸುಲಭವಲ್ಲ. ಸಂಗ್ರಹಕ್ಕೆ ಇಟ್ಟಿದ್ದೇನೆ ಎಂಬ ಮಾತು ಮಹಜರಿನಲ್ಲಿ ನಿಲ್ಲುವುದಿಲ್ಲ.

ಈಗ ಹರಾಜು ಹಾಕುವವರಿಗೆ. ಸರ್ಕಾರಿ ಮತ್ತು ಸಾರ್ವಜನಿಕ ಉದ್ಯಮಗಳ ಮಾಲು ಕೇಂದ್ರ ಸರ್ಕಾರದ ಕಂಪನಿಯಾದ ಎಂಎಸ್‌ಟಿಸಿಯ ಇ-ಹರಾಜಿಗೆ, ರೈಲ್ವೆಯದು ಅದರದೇ ಜಾಲತಾಣವಾದ ಐಆರ್‌ಇಪಿಎಸ್‌ಗೆ ಬರುತ್ತದೆ. 'ಇದ್ದಲ್ಲಿ ಇದ್ದ ಹಾಗೆ' ಎಂಬುದು ಷರತ್ತು, ಬಿದ್ದ ಬೆಲೆಯ ಮೇಲೆ ಜಿಎಸ್‌ಟಿ ಬೇರೆ. ಪಟ್ಟಿಯಲ್ಲಿ ಇರುವುದು 'ಹಳೆಯ ನಿರುಪಯುಕ್ತ ಯಂತ್ರ, ಒಂದು' ಎಂಬ ಒಂದೇ ಸಾಲು. ಯಂತ್ರ ಒಂದು ಲಾಟಿನಲ್ಲಿ, ಅದರ ಫೆನ್ಸೂ ಬ್ಲಾಕೂ ಟೂಲ್ ರೂಮಿನ 'ಮಿಶ್ರ ಗುಜರಿ' ಎಂಬ ಇನ್ನೊಂದು ಲಾಟಿನಲ್ಲಿ ಹೋಗುತ್ತವೆ. ಲಾಟಿನ ವಿವರದಲ್ಲಿ 'ಬಿಡಿಭಾಗ ಸಹಿತ' ಎಂದು ಬರೆಯದಿದ್ದರೆ ಹತ್ತಡಿ ದೂರದಲ್ಲಿ ಕಾಣುತ್ತಿರುವ ಫೆನ್ಸನ್ನು ಸ್ಟೋರ್ ಕೀಪರ್ ಗೇಟ್ ಪಾಸಿನಲ್ಲಿ ಬರೆಯುವಂತಿಲ್ಲ, ಅವರ ತಪ್ಪೂ ಅಲ್ಲ. ಕೊಳ್ಳುವವರು ಪರಿಶೀಲನೆಯ ದಿನವೇ ಹೋಗಿ ಟೂಲ್ ರೂಮಿನ ಕಪಾಟು ನೋಡಿ, ಅದು ಯಾವ ಲಾಟಿನಲ್ಲಿದೆ ಎಂದು ಬರೆದುಕೊಂಡು ಎರಡಕ್ಕೂ ಕೂಗಬೇಕಾಗುತ್ತದೆ.

ಕಚೇರಿಗಳಿಂದ ಬೇಕಿರುವುದು ಇಷ್ಟೇ. ಹೆಸರಿನ ತಗಡಿನ ಫೋಟೊ ಒಂದು, ಮೋಟಾರಿನ ತಗಡಿನದು ಒಂದು, ಮೇಜಿನ ಮೇಲಿನಿಂದ ಒಂದು, ಕಟರ್ ಬ್ಲಾಕಿನದು ಒಂದು ಪಟ್ಟಿಯ ಜೊತೆ ಹಾಕಲಿ. ಯಂತ್ರದ ಫೆನ್ಸ್, ನೈಫ್, ಬೆಣೆ, ಕೈಗಾಲಿ, ಪಾನಾ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು, ಲಾಟ್ ನಂಬರ್ ಬರೆದು ಆ ಯಂತ್ರದ ಕಾಲಿಗೇ ಕಟ್ಟಲಿ. ಚೌಕ ಬ್ಲಾಕಿದ್ದರೆ ಅದನ್ನು ಮಾತ್ರ ಚೀಲಕ್ಕೆ ಹಾಕದೇ ಗ್ಯಾಸ್ ಕಟರಿನಿಂದ ಎರಡು ತುಂಡು ಮಾಡಲಿ.

ಇತಿ,
ಹಳೆ ಮರಗೆಲಸ ಯಂತ್ರಗಳ ರಿಪೇರಿ ಮಾಡುವ ಕೆಲವರು
ಬೆಳಗಾವಿ